ಕನ್ನಡಿಯೊಳಗಿನ ಗಂಟು

ಮೊದಲೇ ಹೇಳಿಬಿಡುತ್ತೇನೆ: ಈ ಲೇಖನ ಒಂದು ಫೋಟೋದ ಬಗ್ಗೆ, ಆದರೆ ಆ ಫೋಟೋ ಈ ಪುಟಗಳಲ್ಲಿಲ್ಲ. ನಮ್ಮ ಪತ್ರಿಕೆಯ ಸ್ಟೆನ್ಸಿಲ್ಲಿನಲ್ಲಿ ಅಕ್ಷರ ಮೂಡುವುದೇ ದೊಡ್ಡದು. ಕಳೆದ ಸಂಚಿಕೆಯಲ್ಲಿ ‘ಥ’ ಯಾವುದು ‘ಧ’ ಯಾವುದು ಎಂದು ತಿಳಿಯದೆ ಒಬ್ಬರ ಕವಿತೆಗೆ ಬೇರೆಯೇ ಅರ್ಥ ಹುಟ್ಟಿ, ಆ ಅರ್ಥವೇ ಚೆನ್ನಾಗಿದೆ ಎಂದು ನಾಲ್ಕು ಜನ ಹೊಗಳಿದ್ದೂ ಆಯಿತು. ಇಂಥಲ್ಲಿ ಫೋಟೋ ಹಾಕಿದರೆ ಮಸಿ ಚೆಲ್ಲಿದ ಹಾಗೆ ಕಂಡೀತು. ಆದ್ದರಿಂದ ಚಿತ್ರವನ್ನು ನಾನು ಮಾತಿನಲ್ಲಿ ಹೇಳುತ್ತೇನೆ, ನೀವು ಮನಸ್ಸಿನಲ್ಲಿ ನೋಡಿಕೊಳ್ಳಿ.

ಬಿರುಕು ಬಿಟ್ಟ ಕೆಸರಿನ ನೆಲ. ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚು ಮೇಲೆದ್ದ ಮಣ್ಣಿನ ಹೆಕ್ಕಳೆಗಳು. ಚಿತ್ರದ ಮೇಲಂಚಿನಲ್ಲಿ ಒಂದು ಕುಳ್ಳ ಜಾಲಿ ಗಿಡದ ಬುಡ ಮಾತ್ರ ಕಾಣುತ್ತದೆ. ಗಿಡದ ತಲೆ ಇಲ್ಲ, ಆಕಾಶವೂ ಇಲ್ಲ, ಚೌಕಟ್ಟು ಅಷ್ಟರಲ್ಲಿ ಮುಗಿದುಹೋಗಿದೆ. ನಡುವೆ, ಬಿರುಕುಗಳ ಮೇಲೆ, ಒಂದಡಿ ಚೌಕದ ಕನ್ನಡಿಯೊಂದು ಅಂಗಾತ ಮಲಗಿದೆ. ಮೇಲೆ ಕಾಣೆಯಾದ ಜಾಲಿಯ ತಲೆ ಅದರೊಳಗೆ ಇದೆ, ತಲೆಕೆಳಗಾಗಿ. ಅದರ ಹಿಂದೆ ಮೇ ತಿಂಗಳ ಕೊನೆಯ ಒಂದು ಮೋಡ. ಅಷ್ಟೇ ಚಿತ್ರ. ಹೆಸರು ‘ಕೆರೆ’.

ತೆಗೆದವಳು ನಮ್ಮ ಸಂಘದ ಗೆಳತಿ, ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಕನ್ನಡಿ ಅವಳ ಅಪ್ಪ ದಾಡಿ ಮಾಡಿಕೊಳ್ಳುವುದು, ಹೇಳದೆ ತಂದದ್ದು. (ಆ ದಿನ ಅವರು ಅಂದಾಜಿನ ಮೇಲೆ ದಾಡಿ ಮಾಡಿಕೊಂಡು ಗಲ್ಲ ಕೊಯ್ದುಕೊಂಡರಂತೆ. ಕಲೆಗಾಗಿ ರಕ್ತ ಸುರಿಸಿದವರು ನಮ್ಮಲ್ಲಿ ಅವರೊಬ್ಬರೇ.) ಸ್ಥಳ ಭಿಗವಣದ ಹತ್ತಿರ, ಉಜನಿ ಜಲಾಶಯದ ಹಿನ್ನೀರು ಹಿಂದೆ ಸರಿದ ಜಾಗ. ಪುಣೆಯಿಂದ ಸೋಲಾಪುರದ ದಾರಿಯಲ್ಲಿ ಸುಮಾರು ೧೦೦ ಕಿಲೋಮೀಟರು. ನಾನು ಟ್ರೈಪಾಡ್ ಹೊರುವುದಕ್ಕೆ ಹೋಗಿದ್ದೆ. ಆದ್ದರಿಂದ ಇದರಲ್ಲಿ ನನ್ನದು ಪಕ್ಷಪಾತದ ಮಾತು ಎಂದು ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ.

ಈ ಚಿತ್ರವನ್ನು ಅವಳು ಕಾಲೇಜುಗಳ ನಡುವಿನ ಒಂದು ಸ್ಪರ್ಧೆಗೆ, ನಿಸರ್ಗ ವಿಭಾಗಕ್ಕೆ ಕಳಿಸಿದಳು. ಒಂದು ಸಾಲಿನ ಚೀಟಿಯೊಂದಿಗೆ ವಾಪಸು ಬಂತು: ಮನುಷ್ಯನ ಕೈವಾಡ ಇದೆ, ಪರಿಗಣಿಸಲಾಗದು. ಅದೇ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಯಾವುದಕ್ಕೆ ಗೊತ್ತೆ? ಅದೇ ಭಿಗವಣದಲ್ಲಿ, ಅದೇ ಉಜನಿಯ ನೀರಿನಲ್ಲಿ, ಜನವರಿಯ ಬೆಳಗಿನ ಜಾವ ನಿಂತ ರಾಜಹಂಸಗಳ ಪ್ರತಿಬಿಂಬದ ಚಿತ್ರಕ್ಕೆ.

ಆ ಬಹುಮಾನಿತ ಚಿತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೇಳಿದರೆ ಹೊಟ್ಟೆಕಿಚ್ಚು. ಚಿತ್ರ ಚೆನ್ನಾಗಿದೆ. ರಾಜಹಂಸ, ಅಂದರೆ ಫ್ಲೆಮಿಂಗೋ, ನೀರಿನಲ್ಲಿ ಮೇಯುವಾಗ ಕೊಕ್ಕನ್ನು ಬುಡಮೇಲು ಮಾಡಿಕೊಂಡು ಮೇಯುತ್ತದೆ. ಮೇಲಿನ ದವಡೆ ಕೆಳಗೆ, ಕೆಳಗಿನದು ಮೇಲೆ. ಹಾಗಾಗಿ ಅದರ ಪ್ರತಿಬಿಂಬದಲ್ಲಿ ಕತ್ತು ತಲೆಕೆಳಗು, ತಲೆ ಮಾತ್ರ ನೆಟ್ಟಗೆ. ಹಕ್ಕಿಯ ಮೇಲೆ ನಮಗೆ ಕಾಣದ ಮುಖ ನೀರಿನಲ್ಲಿ ಕಾಣುತ್ತದೆ. ಛಾಯಾಗ್ರಾಹಕ ಅದನ್ನು ಸರಿಯಾಗಿ ಹಿಡಿದಿದ್ದಾನೆ. ಅವನಿಗೆ ಬಹುಮಾನ ಬಂದದ್ದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ‘ಕೈವಾಡ’ ಎಂಬ ಆ ಒಂದು ಶಬ್ದದ ಮೇಲೆ.

ನಿಯಮ ಎಲ್ಲಿಂದ ಬಂತೆಂದು ಹುಡುಕಿ ನೋಡಿದೆ. ತೀರ್ಪುಗಾರರು ತಮ್ಮ ಜೇಬಿನಿಂದ ತೆಗೆದದ್ದಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ಈ ಮೂರೂ ಸೇರಿ ೨೦೧೪ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಅದರ ಸಾರ ಇಷ್ಟು: ಚಿತ್ರಕ್ಕೆ ಏನನ್ನೂ ಸೇರಿಸಬಾರದು, ತೆಗೆಯಬಾರದು, ಜಾಗ ಬದಲಿಸಬಾರದು, ಅಂಚು ಕತ್ತರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಮನುಷ್ಯ ನಿರ್ಮಿತ ವಸ್ತು ಕಾಣಬಾರದು. ಆದರೆ ನಿಸರ್ಗದ ಕಥೆಗೆ ಅದು ಅಂಗವಾಗಿದ್ದರೆ, ಉದಾಹರಣೆಗೆ ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಗೂಬೆ ಕೊಕ್ಕರೆಗಳ ಹಾಗಿದ್ದರೆ, ವಿನಾಯಿತಿ ಉಂಟು. ವನ್ಯಜೀವಿಗಳ ವಿಷಯದಲ್ಲಿ ಇದು ಒಳ್ಳೆಯ ನಿಯಮ. ಇಲ್ಲದಿದ್ದರೆ ಜನ ಹಲ್ಲಿಯನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಎಲೆಯ ಮೇಲೆ ಕೂರಿಸಿ ಫೋಟೋ ತೆಗೆದುಬಿಡುತ್ತಾರೆ.

ಸರಿ. ಈಗ ಭಿಗವಣದ ಆ ನೀರಿಗೆ ಬರೋಣ. ಅದು ಕೆರೆಯಲ್ಲ, ಸರೋವರವೂ ಅಲ್ಲ. ಭೀಮಾ ನದಿಗೆ ಅಡ್ಡಲಾಗಿ ಕಟ್ಟಿ ೧೯೮೦ರಲ್ಲಿ ಮುಗಿಸಿದ ಉಜನಿ ಅಣೆಕಟ್ಟಿನ ಹಿನ್ನೀರು. ಅದರ ತಳದಲ್ಲಿ ಊರುಗಳಿವೆ, ಹೊಲಗಳಿವೆ. ಪಳಸದೇವದ ಹಳೆಯ ಕಲ್ಲಿನ ದೇವಸ್ಥಾನ ಮುಳುಗಿ ಕೂತಿದೆ. ನೀರು ತೀರಾ ಇಳಿದ ವರ್ಷ ಶಿಖರ ಮೊದಲು ಹೊರಬರುತ್ತದೆ, ಆಮೇಲೆ ಗೋಡೆ, ಆಮೇಲೆ ಜನ ನಡೆದುಹೋಗಿ ಒಳಗೆ ನೋಡಿ ಬರುತ್ತಾರೆ. ನಮ್ಮನ್ನು ಆ ದಿನ ಕರೆದೊಯ್ದ ದೋಣಿಯವನು ಗೆಳತಿಯ ಕೈಯ ಚೀಲ ನೋಡಿ, “ತಾಈ, ಆರಸಾ ಕಶಾಲಾ?” ಎಂದ. ಅಕ್ಕಾ, ಕನ್ನಡಿ ಯಾಕೆ ಅಂತ. ಇಲ್ಲಿ ನೀರಿಲ್ಲವಲ್ಲ, ಅದಕ್ಕೇ, ಎಂದಳು ಇವಳು. ಅವನು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೈ ತೋರಿಸಿ, ಅಲ್ಲಿ ನಮ್ಮ ಅಜ್ಜನ ಹೊಲ ಇತ್ತು, ಮೇ ತಿಂಗಳಲ್ಲಿ ಬಂದರೆ ಬದು ಕಾಣುತ್ತದೆ ಎಂದ.

ಹಾಗಾದರೆ ರಾಜಹಂಸದ ಕೆಳಗಿರುವ ಆ ಕನ್ನಡಿಯನ್ನು ಅಲ್ಲಿಟ್ಟವರು ಯಾರು? ಸರಕಾರ ಇಟ್ಟದ್ದು. ಸಿಮೆಂಟು, ಕಲ್ಲು, ಭೂಸ್ವಾಧೀನದ ಕಾಗದ, ಎತ್ತಂಗಡಿಯಾದ ಊರು, ಎಲ್ಲ ಸೇರಿ ಮಾಡಿದ ಕನ್ನಡಿ ಅದು. ಅದು ಅಷ್ಟು ದೊಡ್ಡದಾಗಿರುವುದರಿಂದ ಕೈ ಕಾಣುವುದಿಲ್ಲ. ನಮ್ಮ ಗೆಳತಿಯದು ಒಂದಡಿ ಚೌಕದ್ದು, ಅದಕ್ಕೇ ಕೈ ಕಾಣುತ್ತದೆ. ದೊಡ್ಡ ಕನ್ನಡಿಗೆ ಬಹುಮಾನ, ಸಣ್ಣ ಕನ್ನಡಿಗೆ ಚೀಟಿ.

ನನ್ನ ಮಾತಿನಲ್ಲಿ ಸ್ವಲ್ಪ ಖಾರ ಸೇರಿದೆ ಎಂದರೆ ಅದಕ್ಕೊಂದು ಕಾರಣವಿದೆ. ನಮ್ಮ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಗೆ. ಬೇಸಿಗೆಯಲ್ಲಿ ಊರಿಗೆ ಫೋನು ಮಾಡಿದರೆ ನನ್ನ ಪರೀಕ್ಷೆ ಹೇಗಾಯಿತೆಂದು ಕೇಳುವ ಮೊದಲು ಕಾಕಾ ಕೇಳುವುದು ಇದು: “ಅಲ್ಲೆ ಡ್ಯಾಮಿನ್ಯಾಗ ನೀರು ಎಷ್ಟ್ ಅವಪಾ? ಇಲ್ಲೆ ಹೊಳಿ ಒಣಗಿ ಹೋಗ್ಯಾದ ನೋಡು.” ಉಜನಿಯಿಂದ ನೀರು ಬಿಡಿಸಿರೆಂದು ಎಷ್ಟೋ ಬೇಸಿಗೆಗಳಲ್ಲಿ ಈ ಕಡೆಯಿಂದ ಆ ಕಡೆಗೆ ಮನವಿ ಹೋಗಿವೆ. ಅಲ್ಲಿ ಪ್ರತಿಬಿಂಬವಾಗಿ ನಿಂತದ್ದು ಇಲ್ಲಿ ಹರಿಯದ ಹೊಳೆ. ಇದನ್ನೆಲ್ಲ ಒಂದು ಫೋಟೋದಲ್ಲಿ ಹೇಳಲು ಬರುತ್ತದೆಯೆ? ರಾಜಹಂಸದ ಚಿತ್ರದಲ್ಲಿ ಬರುವುದಿಲ್ಲ. ಅದರ ಸೊಗಸೇ ಅಡ್ಡ ಬರುತ್ತದೆ. ಒಣ ಕೆಸರಿನ ಮೇಲಿನ ಒಂದಡಿ ‘ಕೆರೆ’ಯಲ್ಲಿ ಸ್ವಲ್ಪ ಮಟ್ಟಿಗೆ ಬಂದಿದೆ ಎಂದು ನನ್ನ ಅನಿಸಿಕೆ.

ಕೈವಾಡದ ಇನ್ನೊಂದು ಬಗೆಯನ್ನೂ ಹೇಳಬೇಕು. ಈಗ ಹಕ್ಕಿ ಫೋಟೋದವರಿಗಾಗಿ ಮರೆಮನೆ ಕಟ್ಟಿ, ಅದರ ಮುಂದೆ ಬೆರಳುದ್ದ ಆಳದ ನೀರಿನ ತೊಟ್ಟಿ ಮಾಡಿ, ಅಂಚಿಗೆ ಪಾಚಿ ಹಿಡಿದ ಕೊಂಬೆಯಿಟ್ಟು, ಬಾಡಿಗೆಗೆ ಕೊಡುವ ಕಡೆಗಳು ಬೇಕಾದಷ್ಟಾಗಿವೆ. ಯುರೋಪಿನಲ್ಲೂ ಇವೆ, ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ತೊಟ್ಟಿಯ ತಳಕ್ಕೆ ಕಪ್ಪು ಹಾಳೆ ಹಾಸಿದರೆ ಪ್ರತಿಬಿಂಬ ಇನ್ನೂ ಚೆನ್ನ. ಹಕ್ಕಿ ನೀರು ಕುಡಿಯಲು ಬರುತ್ತದೆ, ಮೂತಿಗೆ ಮೂತಿ ಕೂಡಿಸಿದಂತೆ ಪ್ರತಿಬಿಂಬ ಬೀಳುತ್ತದೆ, ಚಿತ್ರ ಸಿದ್ಧ. ಬೇಸಿಗೆಯಲ್ಲಿ ಹಕ್ಕಿಗೆ ನೀರು ಸಿಕ್ಕಿತಲ್ಲ, ಒಳ್ಳೆಯದೇ. ಆದರೆ ಚಿತ್ರ ನೋಡಿದವನಿಗೆ ದಟ್ಟ ಕಾಡಿನೊಳಗಿನ ನಿಶ್ಚಲವಾದ ಕೊಳ ಕಾಣುತ್ತದೆಯೇ ಹೊರತು ಕಪ್ಪು ಹಾಳೆ ಕಾಣುವುದಿಲ್ಲ. ಇದು ನಿಸರ್ಗ ವಿಭಾಗಕ್ಕೆ ನಿರಾತಂಕವಾಗಿ ಹೋಗುತ್ತದೆ. ಬಚ್ಚಿಟ್ಟ ಕೈ ದಾಟಿಕೊಳ್ಳುತ್ತದೆ, ತೋರಿಸಿದ ಕೈ ಸಿಕ್ಕಿಬೀಳುತ್ತದೆ. ಇದ್ಯಾವ ನ್ಯಾಯ ಸ್ವಾಮಿ?

ಇಲ್ಲಿ ನಮ್ಮ ಸಂಘದ ಹಿರಿಯ ಮೇಷ್ಟ್ರೊಬ್ಬರ ಮಾತು ಕೇಳಿ. ಅವರಿಗೆ ಚಿತ್ರ ತೋರಿಸಿದಾಗ ಕನ್ನಡಕ ಹಣೆಗೇರಿಸಿ ನೋಡಿ, “ನೋಡ್ರಿ, ನಿಸರ್ಗದಾಗ ಕನ್ನಡಿ ಇಡೂದಂದ್ರ ಮದುವಿ ಮನಿಗೆ ಸರ್ಕಸ್ ಕರದಂಗ. ಮದುವಿಗೆ ಬಂದವ್ರು ಮದುಮಗಳನ್ನ ಬಿಟ್ಟು ಸರ್ಕಸ್ಸೇ ನೋಡ್ತಾರ,” ಎಂದರು. ಮಾತು ತಮಾಷೆಯದಾದರೂ ಸುಳ್ಳಲ್ಲ. ಹೂವಿನ ಹೊಲದ ನಡುವೆ ದುಂಡನೆಯ ಕನ್ನಡಿ ಹಿಡಿದು ಅದರಲ್ಲಿ ಮುಳುಗುವ ಸೂರ್ಯನನ್ನು ತೋರಿಸುವ ಚಿತ್ರ ನೀವು ಎಷ್ಟು ನೋಡಿಲ್ಲ? ಮೊದಲನೆಯದು ಕಂಡಾಗ ‘ಆಹಾ’ ಅನ್ನಿಸಿತು. ಹತ್ತನೆಯದಕ್ಕೆ ಆಕಳಿಕೆ ಬಂತು. ಕನ್ನಡಿಯ ಚಿತ್ರಗಳಲ್ಲಿ ನೂರಕ್ಕೆ ತೊಂಬತ್ತು ಇಂಥವೇ ಎಂದು ಯಾರಾದರೂ ಅಂದರೆ ನಾನು ವಾದಕ್ಕಿಳಿಯುವುದಿಲ್ಲ. ಅವುಗಳಲ್ಲಿ ಕನ್ನಡಿ ಏನನ್ನೂ ನೋಡಿರುವುದಿಲ್ಲ. ತಾನಿದ್ದೇನೆ ಎಂದು ಹೇಳಿಕೊಂಡಿರುತ್ತದೆ ಅಷ್ಟೆ.

ಇಲ್ಲಿಯೇ ನನ್ನ ಮುಖ್ಯ ಮಾತು ಇರುವುದು. ಕನ್ನಡಿಯನ್ನು ಯಾರು ಇಟ್ಟರು ಎಂದು ಕೇಳುವುದನ್ನು ಬಿಟ್ಟು, ಆ ಕನ್ನಡಿ ಏನನ್ನು ನೋಡಿತು, ನಿಂತ ಜಾಗದಿಂದ ನನಗೆ ಕಾಣದ್ದನ್ನು ನೋಡಿತೋ ಇಲ್ಲವೋ ಎಂದು ಕೇಳಬೇಕು.

ಏಕೆಂದರೆ ಪ್ರತಿಬಿಂಬ ಎಂದರೆ ನಕಲು ಎಂದು ನಾವು ತಿಳಿದಿರುವುದೇ ತಪ್ಪು. ಶಾಲೆಯಲ್ಲಿ ಕಲಿತ ಪತನ ಕೋನ, ಪ್ರತಿಫಲನ ಕೋನ ನೆನಪಿದೆಯಲ್ಲ? ಅದನ್ನೇ ಒಂದು ಹೆಜ್ಜೆ ಮುಂದೆ ಒಯ್ಯಿರಿ. ನೀರಿನ ಮಟ್ಟದಿಂದ ಐದಡಿ ಎತ್ತರದಲ್ಲಿ ನನ್ನ ಕ್ಯಾಮೆರಾ ಇದ್ದರೆ, ನೀರಿನಲ್ಲಿ ಕಾಣುವ ಬಿಂಬ ನೀರಿನ ಮಟ್ಟದಿಂದ ಐದಡಿ ಕೆಳಗಿರುವ ಇನ್ನೊಂದು ಕ್ಯಾಮೆರಾ ಕಂಡದ್ದು. ಆ ಕ್ಯಾಮೆರಾ ಎಲೆಯ ಬೆನ್ನಿನ ಬದಲು ಹೊಟ್ಟೆಯನ್ನು ನೋಡುತ್ತದೆ, ಹಕ್ಕಿಯ ರೆಕ್ಕೆಯ ಬದಲು ಕಂಕುಳನ್ನು, ಸೇತುವೆಯ ರಸ್ತೆಯ ಬದಲು ಕಮಾನಿನ ಒಳಗನ್ನು. ದಡದ ಮರದ ಹಿಂದೆ ಗುಡ್ಡವಿದ್ದರೆ, ನೀರಿನಲ್ಲಿ ಮರ ಗುಡ್ಡವನ್ನು ಹೆಚ್ಚು ಮುಚ್ಚುತ್ತದೆ. ಕೆಲವೊಮ್ಮೆ ಗುಡ್ಡ ಪೂರ್ತಿ ಮಾಯ. ಈಗ ಕಂಪ್ಯೂಟರಿನಲ್ಲಿ ಚಿತ್ರದ ಮೇಲರ್ಧವನ್ನು ಮಗುಚಿ ಕೆಳಗೆ ಅಂಟಿಸಿ ಇಲ್ಲದ ಕೆರೆ ಮಾಡುತ್ತಾರಲ್ಲ, ಅವರು ಸಿಕ್ಕಿಬೀಳುವುದು ಇಲ್ಲೇ. ಹತ್ತಿರದ ಮರ, ದೂರದ ಗುಡ್ಡ ಎರಡೂ ಮೇಲಿದ್ದ ಹಾಗೇ ಕೆಳಗೂ ಇದ್ದರೆ ಕೆರೆ ಸುಳ್ಳು. ನಿಜವಾದ ನೀರು ಎಂದೂ ಹಾಗೆ ಹೇಳಿದ್ದನ್ನೇ ಹೇಳುವುದಿಲ್ಲ.

ಇನ್ನೊಂದು ವಿಚಾರ. ಕೆರೆಯ ದಂಡೆಗೆ ನಿಂತು ಕಾಲ ಬುಡದ ನೀರು ನೋಡಿ: ತಳದ ಕಲ್ಲು, ಮೀನಿನ ಮರಿ ಕಾಣುತ್ತವೆ. ನೇರ ಕೆಳಗೆ ನೋಡಿದಾಗ ನೀರಿನ ಮೈ ಬೆಳಕಿನ ನೂರರಲ್ಲಿ ಎರಡು ಪಾಲು ಮಾತ್ರ ಹಿಂದಿರುಗಿಸುತ್ತದೆ. ಕಣ್ಣು ನಿಧಾನಕ್ಕೆ ದೂರಕ್ಕೆ ಹಾಯಿಸಿ: ತಳ ಮಾಸುತ್ತದೆ, ಆಕಾಶ ಬರುತ್ತದೆ. ನೀರಿನ ಮೈಗೆ ಐದು ಡಿಗ್ರಿಯಷ್ಟು ಓರೆಯಾಗಿ ನೋಡುವಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ಹಿಂದಿರುಗುತ್ತದೆ, ಅಲ್ಲಿ ತಳದ ಸುದ್ದಿಯೇ ಇಲ್ಲ. ಅದಕ್ಕೇ ಪ್ರತಿಬಿಂಬ ಬೇಕಾದವರು ಕೆಸರಿನಲ್ಲಿ ಮಕಾಡೆ ಮಲಗಿ ಕ್ಯಾಮೆರಾವನ್ನು ನೀರಿಗೆ ತಾಗಿಸುವಷ್ಟು ಕೆಳಗೆ ತರುತ್ತಾರೆ. ಒಂದೇ ಕೆರೆ ಹತ್ತಿರದಲ್ಲಿ ಕಿಟಕಿ, ದೂರದಲ್ಲಿ ಕನ್ನಡಿ. ೧೯೭೮ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಜಾನ್ ಝಾರ್ಕೋವ್ಸ್ಕಿ ಎಂಬುವರು ‘ಕನ್ನಡಿಗಳು ಮತ್ತು ಕಿಟಕಿಗಳು’ ಎಂಬ ಹೆಸರಿನ ಪ್ರದರ್ಶನ ಮಾಡಿದ್ದರು. ತೆಗೆದವನ ಮನಸ್ಸನ್ನು ತೋರಿಸುವ ಫೋಟೋ ಕನ್ನಡಿ, ಹೊರಗಿನ ಲೋಕವನ್ನು ತೋರಿಸುವ ಫೋಟೋ ಕಿಟಕಿ ಎಂಬುದು ಅವರ ವಿಂಗಡಣೆ. ಎರಡರ ನಡುವೆ ಗೋಡೆಯಿಲ್ಲ ಎಂಬುದನ್ನು ಅವರೂ ಒಪ್ಪಿದ್ದರು. ಕೆರೆಯ ದಂಡೆಗೆ ನಿಂತವನಿಗೆ ಇದು ಪ್ರದರ್ಶನವಿಲ್ಲದೆಯೂ ತಿಳಿಯುತ್ತದೆ ಅನ್ನಿ.

ಆಯಿತು, ನೀರಿನ ಕನ್ನಡಿ ನಿಸರ್ಗದ್ದು, ಗಾಜಿನ ಕನ್ನಡಿ ಅಂಗಡಿಯದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ ಎಂದು ಮೇಷ್ಟ್ರು ಹೇಳಬಹುದು. ಹೇಳಿದರೂ ಹೇಳಿದರು. ನಿಸರ್ಗದ್ದೇ ಆದ ನೀರಿನ ಕನ್ನಡಿಗೆ ಪ್ರಸಿದ್ಧವಾದದ್ದು ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿದೆ. ಹೆಸರೇ ‘ಮಿರರ್ ಲೇಕ್’. ಕಾರ್ಲ್‌ಟನ್ ವಾಟ್ಕಿನ್ಸ್ ೧೮೬೧ರಲ್ಲಿ ೧೮ ಇಂಚು, ೨೨ ಇಂಚಿನ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಹೋಗಿ ಅಲ್ಲಿನ ಬೆಟ್ಟ ನೀರಿನಲ್ಲಿ ಮಲಗಿದ್ದನ್ನು ತೆಗೆದ. ಫಲಕಕ್ಕೆ ಅಲ್ಲೇ ರಸಾಯನ ಬಳಿದು, ಒದ್ದೆಯಾಗಿರುವಾಗಲೇ ತೆಗೆದು, ಅಲ್ಲೇ ತೊಳೆಯಬೇಕಾಗಿದ್ದ ಕಾಲ ಅದು. ೧೮೬೪ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾಯಿದೆಗೆ ಸಹಿ ಹಾಕಿದರು. ಅದರ ಹಿಂದೆ ವಾಟ್ಕಿನ್ಸನ ಚಿತ್ರಗಳ ಪ್ರಭಾವವೂ ಇತ್ತೆಂದು ಇತಿಹಾಸ ಬರೆಯುವವರು ಹೇಳುತ್ತಾರೆ. ಒಂದು ಪ್ರತಿಬಿಂಬದ ಚಿತ್ರ ಅಷ್ಟು ಕೆಲಸ ಮಾಡಿತೆಂದರೆ ಸಣ್ಣ ಮಾತಲ್ಲ. ಆದರೆ ಮುಂದಿನ ಕಥೆ ಕೇಳಿ. ಆ ಕೆರೆ ತಾನಾಗಿಯೇ ಹೂಳು ತುಂಬಿಕೊಂಡು ಹುಲ್ಲುಗಾವಲಾಗುತ್ತ ನಡೆದಿದೆ. ಎಷ್ಟೋ ವರ್ಷ ಅದರ ಮರಳನ್ನು ತೋಡಿ ತೆಗೆಯುತ್ತಿದ್ದರು, ಅದರಿಂದ ಕನ್ನಡಿ ಉಳಿದಿತ್ತು; ೧೯೭೦ರ ದಶಕದ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಈಗ ಬೇಸಿಗೆಯ ಕೊನೆಗೆ ಹೋದರೆ ಅಲ್ಲಿ ಕನ್ನಡಿಯಿಲ್ಲ, ಮರಳು ಮತ್ತು ಹುಲ್ಲು. ಅಂದರೆ ಈ ನಡುವೆ ಅಲ್ಲಿ ಪ್ರತಿಬಿಂಬ ತೆಗೆದವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಸಲಿಕೆಯವನ ಕೈವಾಡಕ್ಕೆ ಋಣಿಗಳು.

ಇನ್ನು ಅಂಗಡಿಯ ಕನ್ನಡಿಯನ್ನೇ ಹೊತ್ತುಕೊಂಡು ಹೋದವನೂ ಒಬ್ಬನಿದ್ದ. ರಾಬರ್ಟ್ ಸ್ಮಿತ್‌ಸನ್ ಎಂಬ ಅಮೆರಿಕದ ಕಲಾವಿದ. ೧೯೬೯ರಲ್ಲಿ ಮೆಕ್ಸಿಕೋದ ಯುಕಟಾನಿಗೆ ಹೋಗಿ ಒಂದಡಿ ಚೌಕದ ಕನ್ನಡಿಗಳನ್ನು ಒಂಬತ್ತು ಕಡೆ ಮಣ್ಣಿನಲ್ಲಿ, ಕೊಂಬೆಗಳ ನಡುವೆ, ದಂಡೆಯ ಮೇಲೆ ನೆಟ್ಟ, ಫೋಟೋ ತೆಗೆದ, ಕನ್ನಡಿಗಳನ್ನು ಕಿತ್ತುಕೊಂಡು ಮುಂದಿನ ಜಾಗಕ್ಕೆ ನಡೆದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಆರ್ಟ್‌ಫೋರಮ್’ ಪತ್ರಿಕೆಯಲ್ಲಿ ಆ ಚಿತ್ರಗಳೂ ಪ್ರವಾಸದ ಬರಹವೂ ಬಂದವು. ಇವುಗಳಲ್ಲಿ ಸೊಗಸಾದ ಸೂರ್ಯಾಸ್ತವಿಲ್ಲ. ಮಣ್ಣಿನ ನಡುವೆ ತುಂಡು ತುಂಡು ಆಕಾಶ, ಎಲೆಯ ನಡುವೆ ಬೇರೆ ಎಲ್ಲಿನದೋ ಎಲೆ. ಯಾವುದು ಇಲ್ಲಿಯದು, ಯಾವುದು ಅಲ್ಲಿಯದು ಎಂದು ಕಣ್ಣು ತಡವರಿಸುತ್ತದೆ. ನಾನು ಪುಸ್ತಕದಲ್ಲಿ ನೋಡಿದ್ದು, ಎದುರಿಗಲ್ಲ. ಮೊದಲು ನೋಡಿದಾಗ ‘ಇದರಲ್ಲೇನಿದೆ’ ಎಂದು ಪುಟ ತಿರುವಿದ್ದೂ ನಿಜ. ಭಿಗವಣದ ಕೆಸರಿನಲ್ಲಿ ಮಂಡಿಯೂರಿ ಕೂತು ಬಂದ ಮೇಲೆ ಮತ್ತೆ ತೆಗೆದು ನೋಡಿದೆ. ಅವನು ಕನ್ನಡಿಯ ಅಂಚನ್ನು ಎಲ್ಲೂ ಮುಚ್ಚಿಲ್ಲ. ಇಟ್ಟವನು ನಾನು, ಇಗೋ ಇಟ್ಟಿದ್ದೇನೆ, ಎತ್ತಿಕೊಂಡು ಹೋಗುತ್ತೇನೆ ಎಂದು ಹೇಳಿಯೇ ಇಟ್ಟಿದ್ದಾನೆ.

ನಮಗೇನು ಇದು ಹೊಸದೆ? ಚಂದ್ರ ಬೇಕೆಂದು ರಚ್ಚೆ ಹಿಡಿದ ಬಾಲರಾಮನ ಕಥೆ ಕೇಳದೆ ಊಟ ಮಾಡಿದ ಮಗು ನಮ್ಮಲ್ಲಿ ಯಾರಿದೆ! ಕೆಲವರ ಮನೆಯ ಕಥೆಯಲ್ಲಿ ಮಂತ್ರಿ, ಕೆಲವರ ಮನೆಯದರಲ್ಲಿ ಮಂಥರೆ, ಯಾರೋ ಒಬ್ಬರು ಕನ್ನಡಿ ತಂದು ಚಂದ್ರನನ್ನು ಕೂಸಿನ ಕೈಗೆ ಕೊಟ್ಟರು. ಕೂಸು ನಕ್ಕಿತು. ಅದು ಮೋಸವಾಯಿತೆಂದು ಯಾವ ಅಜ್ಜಿಯೂ ಹೇಳಿಲ್ಲ. ಆದರೆ ಅದೇ ಅಜ್ಜಿ ಸಿಗದ ವಸ್ತುವಿಗೆ ‘ಕನ್ನಡಿಯೊಳಗಿನ ಗಂಟು’ ಎನ್ನುತ್ತಾಳೆ. ಕಾಣುತ್ತದೆ, ಕೈಗೆ ಬರುವುದಿಲ್ಲ. ಫೋಟೋ ತೆಗೆಯುವವನ ಹುಚ್ಚು ಆ ಗಂಟನ್ನು ಹೇಗಾದರೂ ಮಾಡಿ ಹೊರಗೆ ತರುವುದು. (ಹೊರನಾಡಿನ ಸಂಘಗಳಲ್ಲಿ ‘ಕನ್ನಡಿ’ ಎಂದ ಕೂಡಲೇ ‘ಕನ್ನಡಿಗ’ ಎಂದು ಶ್ಲೇಷೆ ಮಾಡದೆ ಬಿಡುವವರಿಲ್ಲ. ಇಷ್ಟು ಪುಟ ಬರೆದೂ ನಾನು ಮಾಡಿಲ್ಲ, ಸಂಪಾದಕರು ಗಮನಿಸಬೇಕು.)

ಗಂಟನ್ನು ಹೊರಗೆ ತರುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಅವಸ್ಥೆ ಕೇಳಿ. ಮೊದಲ ಹತ್ತು ಚಿತ್ರಗಳಲ್ಲಿ ನನ್ನ ಮೊಣಕಾಲು ಬಂದಿದೆ. ಕನ್ನಡಿ ಸ್ವಲ್ಪ ವಾಲಿದರೂ ಟ್ರೈಪಾಡಿನ ಕಾಲೋ, ಗೆಳತಿಯ ಓಢಣಿಯೋ ಒಳಗೆ ಇಣುಕುತ್ತಿತ್ತು. ಮುಂದಿನ ಹತ್ತರಲ್ಲಿ ಕನ್ನಡಿಯ ಅಂಚು ಸ್ಪಷ್ಟ, ಒಳಗಿನ ಜಾಲಿ ಮಸುಕು. ಕನ್ನಡಿ ಕ್ಯಾಮೆರಾದಿಂದ ನಾಲ್ಕೂವರೆ ಅಡಿ, ಆದ್ದರಿಂದ ನಾಲ್ಕೂವರೆ ಅಡಿಗೆ ಫೋಕಸ್ ಮಾಡಿದ್ದೆವು. ಆದರೆ ಕನ್ನಡಿಯೊಳಗಿನ ಗಿಡ ಕನ್ನಡಿಯ ಮೈಮೇಲೆ ಇರುವುದಿಲ್ಲ; ಕ್ಯಾಮೆರಾದಿಂದ ಕನ್ನಡಿಗೆ, ಅಲ್ಲಿಂದ ಗಿಡಕ್ಕೆ, ಎರಡೂ ದೂರ ಕೂಡಿಸಿ ಸುಮಾರು ಇಪ್ಪತ್ತಡಿ ಆಚೆ ಇರುತ್ತದೆ. ಲೆನ್ಸಿಗೆ ಇದು ಗೊತ್ತು, ನಮಗೆ ಗೊತ್ತಿರಲಿಲ್ಲ. ಎರಡೂ ಸ್ಪಷ್ಟವಾಗಬೇಕೆಂದರೆ ಲೆನ್ಸಿನ ಕಿಂಡಿಯನ್ನು ಎಫ್ ೧೬ಕ್ಕೆ ಇಳಿಸಿ, ಟ್ರೈಪಾಡ್ ಅಲುಗದ ಹಾಗೆ ಉಸಿರು ಹಿಡಿದು ಕೂರಬೇಕು. ನೀರಿನೊಳಗಿನ ಬಿಂಬ ನೋಡಿ ಮೇಲಿನ ಮೀನಿಗೆ ಬಾಣ ಬಿಟ್ಟ ಅರ್ಜುನನಿಗೆ ಫೋಕಸಿನ ತಾಪತ್ರಯ ಇರಲಿಲ್ಲ, ಪುಣ್ಯವಂತ.

ಆಮೇಲೆ ಇನ್ನೊಂದು ಪೀಡೆ. ನಮ್ಮ ಮನೆಯ ಕನ್ನಡಿಗಳಿಗೆ ಬೆಳ್ಳಿಯ ಲೇಪ ಗಾಜಿನ ಹಿಂದಿರುತ್ತದೆ. ಮುಂದಿನ ಗಾಜಿನ ಮೈಯೂ ಸ್ವಲ್ಪ ಬೆಳಕನ್ನು ಹಿಂದಿರುಗಿಸುತ್ತದೆ. ಓರೆಯಾಗಿ ನೋಡಿದರೆ ಪ್ರತಿ ಕೊಂಬೆಗೂ ಒಂದು ಮಸುಕಾದ ಜೋಡಿ. ಅದನ್ನು ತಪ್ಪಿಸಲು ಮುಂದಿನ ಮೈಗೇ ಲೇಪವಿರುವ ಕನ್ನಡಿ ಬೇಕು. ಕೇರಳದ ಆರನ್ಮುಳದ ಲೋಹದ ಕನ್ನಡಿ ಇಂಥದು: ತಾಮ್ರ ಮತ್ತು ತವರದ ಮಿಶ್ರಣವನ್ನು ಎರಕ ಹೊಯ್ದು ದಿನಗಟ್ಟಲೆ ಉಜ್ಜಿ ಹೊಳಪು ಕೊಟ್ಟದ್ದು, ಗಾಜೇ ಇಲ್ಲ, ಆದ್ದರಿಂದ ಜೋಡಿ ಬಿಂಬವೂ ಇಲ್ಲ. ಬೆಲೆ ವಿಚಾರಿಸಿದೆವು. ವಿಚಾರಿಸಿ ಸುಮ್ಮನಾದೆವು. ಕೊನೆಗೆ ಆ ಮಸುಕಾದ ಜೋಡಿ ಚಿತ್ರದಲ್ಲಿ ಉಳಿದುಬಿಟ್ಟಿತು. ಗಾಳಿಗೆ ನೀರು ಅಲುಗಿದಂತೆ ಕಾಣುತ್ತದೆ. ಇದು ಯೋಜನೆ ಮಾಡಿ ಮಾಡಿದ್ದೆಂದು ಗೆಳತಿ ಈಗ ಹೇಳಿಕೊಂಡು ತಿರುಗುತ್ತಿದ್ದಾಳೆ. ಟ್ರೈಪಾಡ್ ಹೊತ್ತವನಿಗೆ ಸತ್ಯ ಗೊತ್ತು.

ಕನ್ನಡಿಗೂ ಕ್ಯಾಮೆರಾಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ಎರಡು ಸಂಗತಿ ನೆನಪಿಸಿ ಮುಂದೆ ಹೋಗುತ್ತೇ. ೧೮೩೯ರಲ್ಲಿ ಲೋಕಕ್ಕೆ ಗೊತ್ತಾದ ದಾಗೇರನ ಫೋಟೋ ಸ್ವತಃ ಒಂದು ಕನ್ನಡಿ: ಬೆಳ್ಳಿ ಲೇಪಿಸಿ ಥಳಥಳ ಉಜ್ಜಿದ ತಾಮ್ರದ ತಗಡು. ಸರಿಯಾಗಿ ಓರೆ ಹಿಡಿದರೆ ಚಿತ್ರ, ಇಲ್ಲದಿದ್ದರೆ ನೋಡುವವನದೇ ಮುಖ. ಎಡ ಬಲ ಕೂಡ ಅದಲುಬದಲು. ಎರಡನೆಯದು, ಅನೇಕ ದಶಕಗಳ ಕಾಲ ನಮ್ಮವರು ಕೊರಳಿಗೆ ನೇತುಹಾಕಿಕೊಂಡ ಎಸ್.ಎಲ್.ಆರ್. ಕ್ಯಾಮೆರಾದ ಒಳಗೂ ಒಂದು ಪುಟ್ಟ ಕನ್ನಡಿ ಇರುತ್ತದೆ. ಅದರಲ್ಲಿ ನೋಡಿಕೊಂಡೇ ಚಿತ್ರ ಕೂಡಿಸುತ್ತೇವೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಕಣ್ಣಿಗೆ ಕತ್ತಲೆ. ಫಿಲ್ಮಿನ ಮೇಲೆ ಬಿದ್ದ ಕ್ಷಣವನ್ನು ತೆಗೆದವನು ನೋಡಿರುವುದೇ ಇಲ್ಲ. ಈಗ ಕನ್ನಡಿ ಇಲ್ಲದ ಕ್ಯಾಮೆರಾಗಳ ಕಾಲ. ಒಳಗಿನ ಕನ್ನಡಿ ಹೋಯಿತು, ಹೊರಗಿನದನ್ನಾದರೂ ಇಡಲು ಬಿಡಿ ಎಂದು ಕೇಳಬಹುದೇನೋ.

ನನ್ನ ವಾದಕ್ಕೆ ನಾನೇ ಒಂದು ಗೆರೆ ಹಾಕಿಕೊಳ್ಳಬೇಕು. ಹಕ್ಕಿ ಪ್ರಾಣಿಗಳ ಮುಂದೆ ಕನ್ನಡಿ ಇಡಕೂಡದು. ಹಳೆಯ ಮನೆಗಳಲ್ಲಿ ಗೋಡೆಗೆ ಓರೆಯಾಗಿ ತೂಗಿದ ಕನ್ನಡಿಗೆ ಗುಬ್ಬಿ ಬಂದು ಕುಟುಕುತ್ತಿದ್ದದ್ದು ನಿಮಗೆ ನೆನಪಿರಬಹುದು. ನಮಗೆ ಅದು ಆಟವಾಗಿ ಕಾಣುತ್ತಿತ್ತು, ಗುಬ್ಬಿಗೆ ಅದು ಜಗಳ. ಎದುರಿಗೆ ಇನ್ನೊಂದು ಗುಬ್ಬಿ ತನ್ನ ಜಾಗಕ್ಕೆ ಬಂದಿದೆ ಎಂದು ಅದು ದಣಿಯುವ ತನಕ ಕಾದುತ್ತದೆ. ಗೂಡಿನ ಹತ್ತಿರ ಹೀಗೆ ಮಾಡಿದರೆ ಮರಿಗಳ ಗತಿಯೇನು? ಇಂಥ ಚಿತ್ರವನ್ನು ತೀರ್ಪುಗಾರರು ಚೀಟಿ ಅಂಟಿಸಿ ವಾಪಸು ಕಳಿಸಿದರೆ ನಾನು ಅವರ ಕಡೆ. ಒಡೆದ ಗಾಜನ್ನು ಕಾಡಿನಲ್ಲಿ ಬಿಟ್ಟು ಬರುವವರನ್ನಂತೂ ಸ್ಪರ್ಧೆಯಿಂದಲ್ಲ, ಕಾಡಿನಿಂದಲೇ ಹೊರಗಿಡಬೇಕು. ಆದರೆ ಒಣಗಿದ ಕೆಸರಿಗೆ, ಕಲ್ಲಿಗೆ, ಜಾಲಿಗೆ ಕನ್ನಡಿಯಿಂದ ಯಾವ ಜಗಳವೂ ಇಲ್ಲ. ಅಲ್ಲಿ ನಿಯಮ ಕಾಪಾಡುತ್ತಿರುವುದು ಯಾರನ್ನು?

ಸ್ಪರ್ಧೆ ನಡೆಸುವವರಿಗೆ ಒಂದು ಸಲಹೆ ಬರೆದು ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಕನ್ನಡಿಯಿಟ್ಟ ಚಿತ್ರಗಳನ್ನು ನಿಸರ್ಗ ವಿಭಾಗದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಪ್ರತಿಬಿಂಬದ ಚಿತ್ರ ಕಳಿಸುವ ಎಲ್ಲರೂ ಚಿತ್ರದ ಹಿಂದೆ ಒಂದು ಸಾಲು ಬರೆಯಲಿ: ಈ ನೀರು ಎಲ್ಲಿಯದು, ಇದನ್ನು ನಿಲ್ಲಿಸಿದವರು ಯಾರು, ತೊಟ್ಟಿಯಾದರೆ ತೊಟ್ಟಿ, ಅಣೆಕಟ್ಟಾದರೆ ಅಣೆಕಟ್ಟು. ಆಗ ‘ಕೈವಾಡ ಇಲ್ಲದ್ದು’ ಎಂಬ ರಾಶಿಯಲ್ಲಿ ಎಷ್ಟು ಉಳಿಯುತ್ತವೆ, ಒಟ್ಟಿಗೇ ಕೂತು ಎಣಿಸೋಣ.

ಮಳೆ ಬಂದ ಮೇಲೆ, ಆಗಸ್ಟಿನಲ್ಲಿ, ನಾವಿಬ್ಬರೂ ಮತ್ತೆ ಭಿಗವಣಕ್ಕೆ ಹೋಗಿದ್ದೆವು. ಕನ್ನಡಿ ಇಟ್ಟ ಜಾಗ ಹುಡುಕಿದೆವು. ಜಾಲಿಯ ತಲೆ ಮಾತ್ರ ನೀರಿನ ಮೇಲಿತ್ತು, ಅದರ ಕೆಳಗೆ ಇನ್ನೊಂದು ಜಾಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಗೆಳತಿ ಕ್ಯಾಮೆರಾ ತೆಗೆಯಲಿಲ್ಲ. ಊರಿಗೆ ಫೋನು ಮಾಡಿ ಡ್ಯಾಮಿನ್ಯಾಗ ನೀರು ಬಂದಾವ ಎಂದು ಕಾಕಾಗೆ ಹೇಳಿದೆ. “ಇಲ್ಲೂ ಬಂದಾವಪಾ, ಹೊಳಿ ತುಂಬೇದ,” ಎಂದರು. ಆಮೇಲೆ ಪರೀಕ್ಷೆಯ ವಿಚಾರ ಕೇಳಿದರು.

‘ಕೆರೆ’ ಈಗ ನಮ್ಮ ಸಂಘದ ಕೋಣೆಯಲ್ಲಿ, ಕಪಾಟಿನ ಪಕ್ಕದ ಗೋಡೆಗಿದೆ. ಕನ್ನಡಿ ಅವಳ ಅಪ್ಪನಿಗೆ ವಾಪಸಾಗಿದೆ, ಒಂದು ಮೂಲೆಯಲ್ಲಿ ಕೆಸರಿನ ಗೀರು ಬಿದ್ದಿದೆಯಂತೆ, ದಿನಾ ಬೆಳಿಗ್ಗೆ ಅದರ ಲೆಕ್ಕ ಕೇಳುತ್ತಾರಂತೆ. ಮೇಷ್ಟ್ರು ಮುಂದಿನ ಸಂಚಿಕೆಯಲ್ಲಿ ನನಗೆ ಉತ್ತರ ಬರೆಯುವುದಾಗಿ ಹೇಳಿದ್ದಾರೆ. ನೀವೂ ಬಂದು ಚಿತ್ರ ನೋಡಿ. ಬುಧವಾರ ಸಂಜೆ ಐದರ ಮೇಲೆ ಕೋಣೆ ತೆರೆದಿರುತ್ತದೆ. ಜಗಳವಾಡುವವರಿಗೆ ಚಹಾ ಉಂಟು.